ಬಣ್ಣದ ಆಸೆಗೆ ಟರಾಂಟುಲಾ ತಳಿ ಕಟ್ಟುವುದು ಬೇಡ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಟರಾಂಟುಲಾ ಎಂಬ ದೊಡ್ಡ ರೋಮದ ಜೇಡ ಸಾಕುವವರಲ್ಲಿ ಕೆಲವರು ಈಗ ಮರಿ ಮಾಡಿಸಲೂ ಕೈಹಾಕಿದ್ದಾರೆ. ಅದರಲ್ಲಿ ತಪ್ಪಿಲ್ಲ, ಕಾಡಿನಿಂದ ಹಿಡಿದು ತರುವುದಾದರೂ ತಪ್ಪುತ್ತದೆ. ಆದರೆ ಗಪ್ಪಿ ಮೀನಿನಂತೆ ‘ಇನ್ನೂ ಕೆಂಪು’, ‘ಇನ್ನೂ ನೀಲಿ’ ತಳಿ ಕಟ್ಟುತ್ತೇವೆಂದು ಹೊರಡುವುದಕ್ಕೆ ನಮ್ಮ ವಿರೋಧವಿದೆ.

ಮೆಕ್ಸಿಕೊದ ಕೆಂಪು ಮಂಡಿಯ ಟರಾಂಟುಲಾ ಬ್ರಾಕಿಪೆಲ್ಮಾದ ಹೆಣ್ಣು ಬಲಿಯಲು ಆರೇಳು ವರ್ಷ ಬೇಕು. ಅದರ ಒಟ್ಟು ಆಯಸ್ಸು 20 ವರ್ಷ ದಾಟುವುದೂ ಉಂಟು. ಗಂಡು ಬೇಗ ಬಲಿತು, ಬೇಗ ಸಾಯುತ್ತದೆ. ಹಾಗಾಗಿ ಒಂದೇ ಮೊಟ್ಟೆಚೀಲದ ಅಣ್ಣ-ತಂಗಿ ಸಾಮಾನ್ಯವಾಗಿ ಕೂಡುವುದಿಲ್ಲ. ತಳಿ ಕಟ್ಟುವವರು ಮುರಿಯುವುದು ಈ ಅಂತರವನ್ನೇ. ಎರಡೂ ಒಟ್ಟಿಗೇ ಬಲಿಯಲೆಂದು ಗಂಡುಮರಿಯನ್ನು ತಂಪಿನಲ್ಲಿಟ್ಟು ಅರೆಹೊಟ್ಟೆಗೆ ಸಾಕುತ್ತಾರೆ, ಹೆಣ್ಣಿಗೆ ಬೆಚ್ಚಗಿಟ್ಟು ದಿನ ಬಿಟ್ಟು ದಿನ ಜಿರಲೆ ತಿನ್ನಿಸುತ್ತಾರೆ. ಹೊಟ್ಟೆ ದ್ರಾಕ್ಷಿಯಂತೆ ಬಿಗಿದ ಹೆಣ್ಣು ಗಾಜಿನ ಗೋಡೆಯಿಂದ ಒಂದಡಿ ಜಾರಿದರೂ ಸಾಕು, ಹೊಟ್ಟೆ ಒಡೆದು ಸಾಯಬಹುದು.

ಬಣ್ಣದ ಆಯ್ಕೆಯೂ ಮೋಸವೇ. ಪೊರೆ ಬಿಟ್ಟ ಹೊಸತರಲ್ಲಿ ಯಾವ ಜೇಡವೂ ಥಳಥಳಿಸುತ್ತದೆ, ತಿಂಗಳು ಕಳೆದರೆ ಮಂಕಾಗುತ್ತದೆ. 1899ರಲ್ಲಿ ಆಂಧ್ರದ ಗುತ್ತಿಯಿಂದ ವರದಿಯಾದ ನೀಲಿ ಜೇಡ ಪೊಯಿಸಿಲೊಥೇರಿಯಾ ಮೆಟಾಲಿಕಾದ ನೀಲಿ ಬಣ್ಣದ್ರವ್ಯದ್ದಲ್ಲ, ಕೂದಲಿನ ಸೂಕ್ಷ್ಮ ರಚನೆಯದು. ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿ, ಅದರ ಮೇಲೆ ಬಣ್ಣದ ಪ್ರಯೋಗ ಸಲ್ಲದು. ಎರಡು ಪ್ರಭೇದಗಳ ಬೆರಕೆ ಇನ್ನೂ ಕೆಟ್ಟದ್ದು. ವರ್ಷಗಟ್ಟಲೆ ಬ್ರಾಕಿಪೆಲ್ಮಾ ‘ಸ್ಮಿತಿ’ ಎಂದು ಮಾರಾಟವಾದ ಎಷ್ಟೋ ಜೇಡಗಳು ಹಮೋರಿ ಎಂಬ ಬೇರೆ ಪ್ರಭೇದದವು ಎಂದು ಸ್ಪಷ್ಟವಾದದ್ದು 2017ರಲ್ಲಿ. ಅಷ್ಟರೊಳಗೆ ಎರಡನ್ನೂ ಕೂಡಿಸಿದ್ದರೆ ಆ ಮರಿಗಳನ್ನು ನೋಡಿ ಬೇರ್ಪಡಿಸುವ ದಾರಿ ಇಲ್ಲ.

ಸರಿಯಾಗಿ ಮರಿ ಮಾಡಿಸುವವರು ಗಂಡನ್ನು ಬೇರೆ ಮೂಲದಿಂದ ತರಬೇಕು. ಹೆಣ್ಣೆಂಬ ಖಾತ್ರಿಗೆ ಕಳಚಿದ ಪೊರೆಯೊಳಗೆ ಗಂಡಿನ ವೀರ್ಯವನ್ನು ಹೆಣ್ಣು ಕೂಡಿಟ್ಟುಕೊಳ್ಳುವ ವೀರ್ಯಚೀಲ ಹುಡುಕಬೇಕು. ಹೆಣ್ಣು ಇತ್ತೀಚೆಗೆ ಪೊರೆ ಬಿಟ್ಟು, ಚೆನ್ನಾಗಿ ತಿಂದಿರಬೇಕು. ಕೂಡಿದ ಮೇಲೆ ಪೊರೆ ಬಿಟ್ಟರೆ ವೀರ್ಯಚೀಲದ ಒಳಪದರವೂ ಕಳಚಿ ಶ್ರಮವೆಲ್ಲ ವ್ಯರ್ಥ. ಗಂಡನ್ನು ಬಿಡುವಾಗ ಉದ್ದನೆಯ ಬ್ರಷ್ ಕೈಯಲ್ಲಿರಲಿ, ಹಸಿದ ಹೆಣ್ಣು ಗಂಡನ್ನು ತಿಂದುಬಿಡುತ್ತದೆ. ಮೊಟ್ಟೆಚೀಲ ಕಟ್ಟಿದ ಮೇಲೆ ಡಬ್ಬಿ ಅಲುಗಿಸಬಾರದು, ಗಾಬರಿಯಾದ ತಾಯಿ ಚೀಲವನ್ನೇ ತಿನ್ನಬಹುದು. ಸುಮಾರು 30 ದಿನದವರೆಗೆ ತಾಯಿಯೇ ಅದನ್ನು ತಿರುಗಿಸುತ್ತಿರಲಿ, ತಿರುಗಿಸದಿದ್ದರೆ ಮೊಟ್ಟೆಗಳು ಒಂದಕ್ಕೊಂದು ಅಂಟಿ ಕೊಳೆಯುತ್ತವೆ. ನಂತರ ಬೇರೆ ತೆಗೆದಿಟ್ಟ ಚೀಲಕ್ಕೆ 25ರಿಂದ 28 ಡಿಗ್ರಿ ಶಾಖ ಬೇಕು. ಡಿಸೆಂಬರ್ ರಾತ್ರಿಗಳಲ್ಲಿ ನಮ್ಮೂರಿನ ಕೋಣೆ ಅದಕ್ಕಿಂತ ತಂಪಾಗಿರುತ್ತದೆ, ಮಾರ್ಚಿನಲ್ಲಿ ಹವೆ ಒಣಗುತ್ತದೆ. ಒಣಗಿದರೆ ಮರಿ ಪೊರೆಯಲ್ಲೇ ಸಿಕ್ಕಿಬೀಳುತ್ತದೆ, ಡಬ್ಬಿಯ ತಳಕ್ಕೆ ಹಾಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ನೀರು ಕುಡಿದು ಜವುಗಾದರೆ ಬೂಷ್ಟು ಹಿಡಿಯುತ್ತದೆ.

ಒಂದು ಚೀಲದಲ್ಲಿ ನೂರಾರು ಮರಿ. ಒಂದನ್ನೊಂದು ತಿನ್ನುವುದರಿಂದ ಪ್ರತಿಯೊಂದಕ್ಕೂ ಬೇರೆ ಡಬ್ಬಿ, ರೆಕ್ಕೆಯಿಲ್ಲದ ಹಣ್ಣುನೊಣ ಬೇಕು. ಸಾಕುವವರು ಇಲ್ಲವೆಂದು ಮೊದಲೇ ಗೊತ್ತಿದ್ದರೆ ಗಂಡನ್ನು ಬಿಡಲೇಬೇಡಿ. ತಪ್ಪಿ ಚೀಲ ಕಟ್ಟಿದರೆ ಮೊದಲ ದಿನಗಳಲ್ಲೇ ತೆಗೆದು ಫ್ರೀಜರಿಗೆ ಹಾಕುವುದು ಕಠಿಣ, ಆದರೂ ಮರಿಗಳನ್ನು ಊರಂಚಿನ ತುರಹಳ್ಳಿ ಕಾಡಿಗೆ ಬಿಡುವುದಕ್ಕಿಂತ ಎಷ್ಟೋ ಮೇಲು.

ಬ್ರಾಕಿಪೆಲ್ಮಾ, ಪೊಯಿಸಿಲೊಥೇರಿಯಾ ಎರಡೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಎರಡನೆಯದು ಸೇರಿದ್ದು 2019ರಲ್ಲಿ. 2022ರ ತಿದ್ದುಪಡಿಯ ವನ್ಯಜೀವಿ ಕಾಯ್ದೆ ಹಾಗೂ 2024ರ ನಿಯಮಗಳಂತೆ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡಿರುವುದು, ಕೈ ಬದಲಾಗುವುದು, ಮರಿ ಹುಟ್ಟುವುದು, ಸಾಯುವುದು ಎಲ್ಲವನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ದಾಖಲಿಸಬೇಕು. ಮಾರುವವರಿಗೆ ನಮ್ಮ ಒತ್ತಾಯ ಇಷ್ಟೇ: ಪ್ರತಿ ಡಬ್ಬಿಯ ಮೇಲೆ ವೈಜ್ಞಾನಿಕ ಹೆಸರು, ಚೀಲ ಕಟ್ಟಿದ ತಾರೀಖು, ತಂದೆ-ತಾಯಿಯ ಮೂಲ ಬರೆಯಿರಿ. ಇವು ಮೂರೂ ಇಲ್ಲದ ಮರಿಯನ್ನು ಕೊಳ್ಳುವವರೂ ವಾಪಸ್ ಕೊಡಲಿ.

— ಜೇಡ ಸಾಕುವ ಹವ್ಯಾಸಿಗಳು, ಬೆಂಗಳೂರು