ಬಾಣಂತಿ ಎದಿಯಾಗಿನ ಗಂಟೆಲ್ಲಾ ಹಾಲಿನ ಗಂಟಲ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ತಾಯಿ-ಮಗು ಆರೋಗ್ಯದ ಬಗ್ಗೆ ಪೇಪರ್‌ನ್ಯಾಗ ಬರೋದೆಲ್ಲಾ ಕೂಸಿನ ಸುತ್ತನ ಇರ್ತೇತಿ, ತೂಕ ಎಷ್ಟು, ಲಸಿಕಿ ಯಾವಾಗ, ಪೋಲಿಯೋ ಹನಿ ಎಲ್ಲಿ ಅಂತ. ಬರ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಡದಾಕಿನ್ನ ಯಾರು ನೋಡ್ತಾರ ಅಂತ ಕೇಳಾಕ ಈ ಪತ್ರ ಬರಿಯಾಕತ್ತೀನಿ, ಯಾಕಂದ್ರ ನನ್ನ ತಮ್ಮನ ಹೆಂಡ್ತಿಗೆ ಚೊಚ್ಚಲ ಬಾಣಂತನದಾಗನ ಸ್ತನ ಕ್ಯಾನ್ಸರ್ ಅಂತ ಗೊತ್ತಾತು, ಆಕಿಗಿನ್ನೂ ಮೂವತ್ತು ತುಂಬಿಲ್ಲ, ಕೂಸು ಆವಾಗಿನ್ನೂ ಕುತ್ತಿಗಿ ನಿಲ್ಲಸ್ತಿದ್ದಿಲ್ಲ.

ಬಾಣಂತನ ತವರಮನ್ಯಾಗ, ಹಾವೇರಿ ಕಡೆ ಹಳ್ಳಿ. ಎದಿಯಾಗ ಗಂಟು ಸಿಕ್ಕಾಗ ಎಲ್ಲಾರೂ ಹೇಳಿದ್ದು ಒಂದ ಮಾತು, ಹಾಲು ಗಟ್ಟಿ ಕಟ್ಟೇತಿ, ಕಾವು ಕೊಡ್ರಿ, ಕೂಸಿಗೆ ಆ ಕಡೇನ ಜಾಸ್ತಿ ಕುಡಸ್ರಿ. ಅರಿವಿ ಬೆಚ್ಚಗ ಮಾಡಿ ಇಟ್ರು, ಎಣ್ಣಿ ತಿಕ್ಕಿದ್ರು. ಒಂದು ಆಸ್ಪತ್ರ್ಯಾಗ ತೋರಿಸಿದ್ರ ಸೋಂಕು ಅಂತ ಗುಳಿಗಿ ಬರದು ಕಳಿಸಿದ್ರು, ಗುಳಿಗಿ ಮುಗದ್ವು ಗಂಟು ಕರಗಲಿಲ್ಲ, ಮತ್ತ ಹ್ವಾದ್ರ ಮತ್ತ ಅದ ಗುಳಿಗಿ. ಒಂದು ಸ್ಕ್ಯಾನ್ ಮಾಡಸ್ರಿ ಅಂತ ಒಬ್ರೂ ಅನ್ಲಿಲ್ಲ. ಬಹಳ ಮಂದಿಗೆ ಖರೇನ ಹಾಲಿನ ಗಂಟ ಆಗಿರ್ತೇತಿ, ಸುಳ್ಳಲ್ಲ. ಆದ್ರ ಕೂಸು ಹೊಟ್ಟಿ ತುಂಬ ಕುಡದ ಮ್ಯಾಲೂ ಹಂಗ ಉಳಿಯೋ ಗಂಟು, ಔಷಧ ತಗೊಂಡು ವಾರ ಎರಡು ವಾರಾದ್ರೂ ಇಳೀದ ಬಾವು ಇದ್ರ ಸ್ಕ್ಯಾನಿಂಗ್ ಆಗಬೇಕು, ಅನುಮಾನ ಬಂದ್ರ ಸೂಜಿ ಹಾಕಿ ಗಂಟಿನ ಚೂರು ತಗದು ಪರೀಕ್ಷಾ, ಅಂದ್ರ ಬಯಾಪ್ಸಿ, ಮಾಡಬೇಕು. ಬಸರಿದ್ದಾಗ ಹೊಟ್ಟಿಗೆ ಮಾಡ್ತಾರಲ್ಲ, ಅದ ಅಲ್ಟ್ರಾಸೌಂಡ್ರಿ ಇದು, ಹಾಲು ಕುಡಸಾಕಿಗೆ ಮಾಡಿದ್ರ ಕೂಸಿಗೆ ಏನೂ ಆಗಂಗಿಲ್ಲ. ಬಯಾಪ್ಸಿಗೂ ಹಾಲು ಬಿಡಸಬೇಕಂತಿಲ್ಲ.

ಆಸ್ಪತ್ರ್ಯಾಗ ಹೆರಿಗಿ ಆದವರ ಮನಿಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕು ಅಂತ ಐತಿ. ಅವರ ಮನಿಗೂ ಬಂದಿದ್ರು, ಪಾಪ ಬಿಸಲಾಗ ನಡಕೊಂಡು, ಕೂಸಿನ್ನ ತೂಗಿದ್ರು, ಮೈ ಬಿಸಿ ಐತೇನು ನೋಡಿದ್ರು, ಹೊಕ್ಕಳ ನೋಡಿದ್ರು, ಹಾಲು ಬರ್ತೇತೇನವಾ ಅಂತ ಕೇಳಿ ಬರಕೊಂಡು ಹ್ವಾದ್ರು. (ಅವರ ಗೌರವಧನದ ಹೋರಾಟ ಬ್ಯಾರೆ ಐತಿ, ಅದೂ ನ್ಯಾಯದ್ದ.) ನಾ ಕೇಳೋದು ಇಷ್ಟ, ಆ ಬರಕೊಳ್ಳೋ ಹಾಳ್ಯಾಗ ಇನ್ನೊಂದು ಸಾಲು ಸೇರಸ್ರಿ, ಹ್ವಾದ ಸಲ ಇದ್ದ ಗಂಟು ಈ ಸಲಾನೂ ಅಲ್ಲೇ ಐತೇನು ಅಂತ. 14ನೇ ದಿನಾ ಇತ್ತು 21ಕ್ಕೂ ಐತಿ ಅಂದ್ರ ತಾಲೂಕ ಆಸ್ಪತ್ರಿಗೆ ಸ್ಕ್ಯಾನಿಂಗಿಗೆ ಚೀಟಿ ಕೊಡೋದು. ಇದಕ್ಕ ಮಷೀನ್ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಒಂದೂವರಿ, ಎರಡೂವರಿ, ಮೂರೂವರಿ ತಿಂಗಳಿಗೆ ಕೂಸಿನ ಇಂಜೆಕ್ಷನ್‌ಗಂತ ತಾಯಿ ಹೆಂಗೂ ಬಂದ ಬರ್ತಾಳ, ಅಲ್ಲಿ ಸಿಸ್ಟರ್ ಒಂದು ಮಾತು ಕೇಳಿದ್ರ ಆತು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾದ ಆರೋಗ್ಯಾಧಿಕಾರಿಗಳು ಇದನ್ನ ಓದ್ಲಿ ಅಂತನ ನಿಮಗ ಬರದೀನಿ.

ಇನ್ನ ನಮ್ಮ ಮಂದಿ ಬಾಯಿ. ಕೂಸಿನ ಕಾಲ್ಗುಣ ಸರಿ ಇಲ್ಲಂತ, ಹುಟ್ಟಿದ ಗಳಿಗಿ ಕೆಟ್ಟೈತಂತ, ಶಾಂತಿ ಮಾಡಸಬೇಕಂತ! ತೊಟ್ಟಿಲಕ್ಕ ಬಂದು ಉಂಡು ಹ್ವಾದವರ ಹೇಳಿದ ಮಾತಿದು. ಹೆಣ್ಣು ಕೂಸು ನೋಡ್ರಿ, ಅದಕ್ಕ ನಾಲಿಗಿ ಇನ್ನಷ್ಟು ಉದ್ದ ಆಗ್ತಾವ. ಕೀಮೋ ಚಾಲೂ ಆಗ್ತಿದ್ದಂಗ ಹಾಲು ಬಿಡಸಿದ್ರು, ಅದು ರೋಗ ಹಾಲಿನಾಗ ಕೂಸಿಗೆ ಹೊಕ್ಕೇತಿ ಅಂತಲ್ಲ, ಕ್ಯಾನ್ಸರ್ ಹಾಲಿನಿಂದ, ಮುಟ್ಟಿದ್ರಿಂದ ಅಂಟೋ ರೋಗ ಅಲ್ಲ, ಕೀಮೋ ಔಷಧ ಹಾಲಿಗೆ ಸೇರ್ತೇತಿ ಅಂತ ಬಿಡಸೋದು. ಆಪರೇಷನ್ ಆಗಿ ಕರೆಂಟ್ (ರೇಡಿಯೇಷನ್) ಕೊಡಾಕ ಹತ್ತಿದ ಮ್ಯಾಲೆ ಕೂಸಿನ್ನ ಆಕಿ ಕೈಯಾಗ ಕೊಡಬ್ಯಾಡ್ರಿ ಅಂತ ಹಿರ್ಯಾರೇ ತಡದ್ರು. ಹೊರಗಿನ ಮಷೀನಿನಿಂದ ಕೊಡೋ ಕರೆಂಟ್ ಮಷೀನ್ ಬಂದ್ ಆದ್ರ ಮುಗೀತ್ರಿ, ಮೈಯಾಗ ಏನೂ ಉಳಿಯಂಗಿಲ್ಲ. ಡಾಕ್ಟರ್ ಬಾಯಿಂದನ ಇದನ್ನ ಕೇಳಿಸಿದ ಮ್ಯಾಲೆ ಸುಮ್ಮನಾದ್ರು. ಈಗ ಆ ಹುಡುಗಿ ತೊಡಿ ಮ್ಯಾಲೆ ಮಲಕೊಂಡು ಅವ್ವನ ಸ್ಕಾರ್ಫಿನ ಗಂಟು ಹಿಡದು ಜಗ್ಗತೇತಿ, ಆಕಿ ನಗ್ತಾಳ.

ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್‌ದಾಗ ವರ್ಷಕ್ಕ 5 ಲಕ್ಷದ ತನಕ ಐತಿ, ಚಿಕಿತ್ಸಾ ಹೆಂಗೋ ನಡದೇತಿ. ಆದ್ರ ಕೂಸಿನ ಹಾಲಿನ ಪುಡಿ ಡಬ್ಬಿ ಅದರಾಗ ಬರಂಗಿಲ್ಲ, ತಮ್ಮಗ ಸಿಗದ ರಜಾನೂ ಬರಂಗಿಲ್ಲ. ಪ್ರೈವೇಟ್ ನೌಕರಿ, ಹೆಂಡ್ತಿ ಕೀಮೋಕ್ಕ ಅಂತ ರಜಾ ಕೇಳಿದ್ರ ಪಗಾರ ಕಟ್.

ಕೀಮೋ ದಿನ ಇಬ್ಬರೂ ಕೂಸಿನ್ನ ತಗೊಂಡ ಬರಬೇಕು, ಮನ್ಯಾಗ ಬಿಟ್ಟು ಬರಾಕ ಯಾರೂ ಇಲ್ಲ. ವಾರ್ಡಿನಾಗ ಸಣ್ಣ ಕೂಸುಗಳನ್ನ ಬಿಡಂಗಿಲ್ಲ, ಅದು ಸರೀನ, ಸೋಂಕಿನ ಭಯ ಇರ್ತೇತಿ. ಹಂಗಂತ ತಮ್ಮ ಒಂದು ಕೈಯಾಗ ಕೂಸು, ಇನ್ನೊಂದು ಕೈಯಾಗ ಥರ್ಮಾಸ್ ಹಿಡಕೊಂಡು ಸಂಜಿತನಕ ಮೆಟ್ಟಿಲ ಮ್ಯಾಲೆ ಕುಂಡ್ರಬೇಕೇನ್ರಿ? ಬಿಸಿನೀರು ಖಾಲಿ ಆದ್ರ ಚಹಾದಂಗಡ್ಯಾವನ್ನ ಕಾಡಬೇಕು. ಕ್ಯಾನ್ಸರ್ ಚಿಕಿತ್ಸಾ ಕೊಡೋ ದವಾಖಾನಿ ಯಾವುದ ಇರ್ಲಿ, ಹಿಂತಾ ಕೂಸುಗೋಳಿಗೆ ಒಂದು ಸಣ್ಣ ಖೋಲಿ, ಒಂದು ತೊಟ್ಟಿಲಾ, ಕುದಿಸಿದ ನೀರು ಇಟ್ರ ಸಾಕು. ಖೋಲಿ ಖಾಲಿ ಇಲ್ಲಂದ್ರ ವರಾಂಡದಾಗ ಪರದೆ ಕಟ್ಟಿ ಕೊಟ್ರೂ ನಡೀತೇತಿ, ತೊಟ್ಟಿಲಾ ಬೇಕಾದ್ರ ನಮ್ಮ ಮನ್ಯಾಗಿಂದ ಕೊಡ್ತೀವಿ.

ಇಂತಿ,
ನಿಮ್ಮ ಪೇಪರಿನ ಓದುಗಿ, ಹಳೇ ಹುಬ್ಬಳ್ಳಿ