ಕ್ವಿಂಟಾಲ್ ಲೆಕ್ಕಕ್ಕೆ ಸಿಗದ ರೈತರು: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನವೆಂಬರ್ 1ರ ರಾಜ್ಯೋತ್ಸವಕ್ಕೆ ಜಿಲ್ಲಾ ಪ್ರಶಸ್ತಿ ಪಟ್ಟಿ ಸಿದ್ಧವಾಗುವ ಮೊದಲೇ ಒಂದು ಮಾತು ನಿಮ್ಮ ಕಿವಿಗೆ ಹಾಕಬೇಕಿತ್ತು. ನಮ್ಮ ಸಾವಯವ ಕೃಷಿಕರನ್ನು ಸನ್ಮಾನಿಸುವ ವಿಚಾರ.

ಕೃಷಿ ಇಲಾಖೆಯ ಬೆಳೆ ಸ್ಪರ್ಧೆ ನಿಮಗೆ ಗೊತ್ತೇ ಇದೆ. ಗದ್ದೆ ಕೊಯ್ದು ತೂಕ ಹಾಕುತ್ತಾರೆ, ಯಾರ ಇಳುವರಿ ಜಾಸ್ತಿಯೋ ಅವರಿಗೆ ಬಹುಮಾನ. ಇರಲಿ, ಬೇಡ ಅನ್ನುತ್ತಿಲ್ಲ. ಆದರೆ ಆ ತಕ್ಕಡಿಯಲ್ಲಿ ರಾಜಮುಡಿಯಂಥ ಹಳೆಯ ನಾಟಿ ಭತ್ತ ಬೆಳೆಯುವವರು ಯಾವತ್ತಾದರೂ ಗೆಲ್ಲುತ್ತಾರಾ? ರಾಜಮುಡಿ ಎತ್ತರದ ಪೈರು. ಗೊಬ್ಬರ ಜಾಸ್ತಿಯಾದರೆ ಮಲಗಿಬಿಡುತ್ತದೆ. ಕೊಯ್ಲಿಗೆ ಬರುವುದೂ ತಡ. ಅನ್ನ ರುಚಿ, ದನಕ್ಕೆ ಹುಲ್ಲು ಧಾರಾಳ. ಕ್ವಿಂಟಾಲ್ ಲೆಕ್ಕ ಬಂದರೆ ಮಾತ್ರ ಹೈಬ್ರಿಡ್ ಎದುರು ನಿಲ್ಲುವುದಿಲ್ಲ.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಹೆಚ್ಚು ಭತ್ತದ ತಳಿ ಕಾಪಾಡಿಕೊಂಡು ಬಂದಿದ್ದಾರೆ. ಶಿವಳ್ಳಿಯ ಬೋರೇಗೌಡರು ತಮ್ಮ ಗದ್ದೆಯಲ್ಲೇ ಸಿದ್ದಸಣ್ಣ ತಳಿ ಎಬ್ಬಿಸಿದರು. ಇವರ ಹೆಸರು ಹೇಗೋ ಪತ್ರಿಕೆಗೆ ಬಂತು. ಒಂದೆರಡು ತಳಿ ಇಟ್ಟುಕೊಂಡಿರುವ ಸಣ್ಣ ಹಿಡುವಳಿದಾರರನ್ನು ಯಾರು ಕೇಳುತ್ತಾರೆ?

ತಳಿ ಕಾಪಾಡುವುದು ಎಂದರೆ ಬಿತ್ತನೆಯನ್ನು ಡಬ್ಬದಲ್ಲಿ ಸುಮ್ನೆ ಮುಚ್ಚಿಡುವುದಲ್ಲ. ಇಟ್ಟ ಭತ್ತ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತೆ ಮತ್ತೆ ಬೆಳೆಯಲೇಬೇಕು. ತೆನೆ ಬಿಚ್ಚುವಾಗ ಸಾಲು ಸಾಲು ನಡೆದು ಬೆರಕೆ ಪೈರು ಕೀಳಬೇಕು. ಒಂದೊಂದು ಪಟ್ಟೆಯನ್ನೂ ಬೇರೆಯಾಗಿ ಕುಡುಗೋಲಿನಲ್ಲಿ ಕೊಯ್ದು, ಬೇರೆಯಾಗಿ ಬಡಿದು, ಬೇರೆಯಾಗಿ ಒಣಗಿಸಬೇಕು. ಕೊಯ್ಲು ಮಷಿನ್ ಇಳಿಸಿದರೆ ಅದರ ಹೊಟ್ಟೆಯಲ್ಲಿ ಉಳಿದ ಕಾಳು ಸೇರಿ ತಳಿಯೇ ಕೆಡುತ್ತದೆ. ಇಷ್ಟರಲ್ಲಿ ಹಸನು ಮಾಡುವುದು, ಒಣಗಿಸುವುದು, ಆರಿಸಿ ಎತ್ತಿಡುವುದು ಹೆಚ್ಚಾಗಿ ಹೆಂಗಸರ ಕೆಲಸ. ಶಾಲು ಮಾತ್ರ ಪಹಣಿಯಲ್ಲಿ ಹೆಸರಿದ್ದವರ ಹೆಗಲಿಗೆ!

ಬೆಲ್ಲದ ಕತೆಯೂ ಅಷ್ಟೇ. ಬಣ್ಣ ಬಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕದೆ ಬೆಂಡೆ ಗಿಡದ ಲೋಳೆಯಲ್ಲಿ ಮಡ್ಡಿ ತೆಗೆದರೆ ಬೆಲ್ಲ ಕಪ್ಪಗೆ ಬರುತ್ತದೆ. ಗಿರಾಕಿ ಬೆಳ್ಳಗಿರುವುದನ್ನೇ ಕೇಳುತ್ತಾರೆ. ಆಲೆಮನೆಯವರು ಏನು ಮಾಡಬೇಕು, ಹೇಳಿ.

2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಹಾಗಾಗಿ ದೊಡ್ಡದೇನೂ ಕೇಳುತ್ತಿಲ್ಲ. ಜಿಲ್ಲಾ ಪ್ರಶಸ್ತಿಯಲ್ಲಿ ಬಿತ್ತನೆ ಕಾಪಾಡುವವರಿಗೆ ಒಂದು ಜಾಗ ಇಡಿ. ಇಳುವರಿ ಬದಲು ತಳಿ ಎಷ್ಟು ಶುದ್ಧವಾಗಿದೆ, ಊರಿನಲ್ಲಿ ಎಷ್ಟು ಮನೆಗೆ ಬಿತ್ತನೆ ಕೊಟ್ಟಿದ್ದಾರೆ ಅಂತ ನೋಡಲಿ. ಮನೆಯವರೆಲ್ಲ ದುಡಿದಿದ್ದರೆ ಗಂಡ ಹೆಂಡತಿ ಇಬ್ಬರ ಹೆಸರೂ ಬರಲಿ. ಅರ್ಜಿ, ಪೇಪರ್ ಕಟಿಂಗ್, ಶಿಫಾರಸು ಪತ್ರ ಹೊಂದಿಸಿಕೊಂಡು ಓಡಾಡುವುದು ಬಲ್ಲವರಿಗೇ ಪ್ರಶಸ್ತಿ ಸಿಗುವುದು ಬೇಡ, ಅಲ್ವಾ? ಬಹುಮಾನದ ದುಡ್ಡಿಗಿಂತ ಸರ್ಕಾರಿ ಹಾಸ್ಟೆಲ್‌ಗಳಿಗೆ ಇವರ ಅಕ್ಕಿ, ಬೆಲ್ಲ ಸ್ವಲ್ಪವಾದರೂ ಖರೀದಿಯಾದರೆ ಅದೇ ದೊಡ್ಡ ಮರ್ಯಾದೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಬೆರಕೆ ಗೊತ್ತಾಗುವುದು ಪೈರು ತೆನೆ ಬಿಚ್ಚಿದಾಗ. ಆಯ್ಕೆ ಸಮಿತಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಒಬ್ಬ ಭತ್ತದ ವಿಜ್ಞಾನಿಯನ್ನು ಕರೆದುಕೊಂಡು ಆಗಲೇ ಗದ್ದೆಗೆ ಬರಬೇಕು. ಕೊಯ್ಲು ಮುಗಿದ ಮೇಲೆ ಬಂದರೆ ನೋಡಲು ಕೂಳೆ ಬಿಟ್ಟು ಬೇರೇನೂ ಇರುವುದಿಲ್ಲ.

ಇಂತಿ,
ಮಳವಳ್ಳಿ ಕಡೆಯ ಒಬ್ಬ ಭತ್ತದ ಬೆಳೆಗಾರ