ನಮ್ಮ ಲೈಬ್ರರಿ ಚೇಚಿಗೆ, ಮತ್ತು ನಿಮಗೆಲ್ಲರಿಗೂ

ಕಳೆದ ಬುಧವಾರ ವೈವಾ, ಅಂದರೆ ಥೀಸಿಸಿನ ಮೌಖಿಕ ಪರೀಕ್ಷೆ, ಮುಗಿಯಿತು. ಪಿಎಚ್‌ಡಿ ಆಯ್ತು. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿದ್ದೇನೆ, ಆದರೆ ಆ ಗಡಿಬಿಡಿಯಲ್ಲಿ ಹೇಳಿದ್ದು ನನಗೇ ಸಾಲಲಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಅಪ್ಪನ ಆರೋಗ್ಯದ ವಿಷಯ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ಈಗ ಅವರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯಲು ಬಂದವರ ಹತ್ತಿರ ಮಾತಾಡುತ್ತಿದ್ದಾರೆ. ಆ ದನಿ ಇಲ್ಲಿಗೆ ಕೇಳುತ್ತಾ ಇದೆ.

ನನ್ನ ವಿಷಯ ಏನು ಅಂತ ಕೆಲವರು ಈಗಲೂ ಕೇಳುತ್ತಾರೆ. ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ, ಮನೆಗಳಲ್ಲಿ ಸಂಗೀತವನ್ನು ಹೇಗೆ ಕಲಿಸುತ್ತಾ ಬಂದರು ಅನ್ನುವುದು. ಸರಳೆ ವರಿಸೆ, ಜಂಟಿ ವರಿಸೆ, ಅಲಂಕಾರ, ಗೀತೆ, ವರ್ಣ ಅಂತ ಮೆಟ್ಟಿಲು ಹತ್ತಿಸುವ ಪಾಠ ಇದೆಯಲ್ಲ, ಪುರಂದರದಾಸರು ಹಾಕಿಕೊಟ್ಟದ್ದು ಅಂತ ನಾವೆಲ್ಲ ನಂಬಿರುವ ಮಾಯಾಮಾಳವಗೌಳ ರಾಗದ ಪಾಠ, ಅದು ಶಾಲೆಯ ಬೆಂಚಿಗೆ ಹೇಗೆ ಬಂತು, ಯಾರು ಕಲಿಸಿದರು, ಯಾವ ಪುಸ್ತಕ ಇಟ್ಟುಕೊಂಡು ಕಲಿಸಿದರು. ಕೇಳಿದರೆ ಚಿಕ್ಕ ವಿಷಯ. ಹುಡುಕಲು ಹೊರಟರೆ ಕಾಗದವೆಲ್ಲ ಬೇರೆ ಬೇರೆ ಊರಿಗೆ ಹಂಚಿಹೋಗಿದೆ. 1956ರ ನವೆಂಬರ್ 1ರ ತನಕ ನಾವು ಮದ್ರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯವರು. ಆಮೇಲೆ ಕೇರಳ, ಕಣ್ಣೂರು ಜಿಲ್ಲೆ. 1984ರಲ್ಲಿ ನಮ್ಮದೇ ಜಿಲ್ಲೆ. ಹಾಗಾಗಿ ಹಳೇ ವರದಿ ಚೆನ್ನೈಯಲ್ಲಿ, ಸ್ವಲ್ಪ ಮಂಗಳೂರಿನಲ್ಲಿ, ಹೊಸದು ತಿರುವನಂತಪುರದಲ್ಲಿ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ಕೂತವಳು ನಾನು. ಶಾಲೆಯ ಕಲೋತ್ಸವ ಮಾತ್ರ ಕೇರಳದ್ದು. ಮಕ್ಕಳು ಕಲಿತದ್ದು ಒಂದೇ ಕಡೆ, ಅದರ ದಾಖಲೆ ಮಾತ್ರ ಎರಡು ಮೂರು ಕಡೆ.

ಮೊದಲ ಆರು ತಿಂಗಳು ನನಗೆ ಏನೂ ಸಿಗಲಿಲ್ಲ. ನಿಜವಾಗಿ ಏನೂ. ಒಂದು ದೊಡ್ಡ ಲೈಬ್ರರಿಯಲ್ಲಿ ಎರಡು ದಿನ ಹೊರಗಿನ ಬೆಂಚಿನಲ್ಲೇ ಕೂರಿಸಿ, ಪತ್ರದಲ್ಲಿ ಸೀಲು ಸರಿ ಇಲ್ಲ ಅಂತ ವಾಪಸ್ ಕಳಿಸಿದರು. ಆ ದಿನ ಬಸ್ಸಿನಲ್ಲಿ ಅಳುತ್ತಾ ಬಂದೆ. ಅದಾಗಿ ಒಂದು ವಾರಕ್ಕೆ ಚೇಚಿ ಸಿಕ್ಕಿದರು.

ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ಇವರು ಕಾಲೇಜು ಲೈಬ್ರರಿಯಲ್ಲಿ ಇದ್ದು ರಿಟೈರ್ ಆದವರು. ನೀಲೇಶ್ವರದವರು, ಮಲಯಾಳಿ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಸಂಗೀತದ ಬಗ್ಗೆ ಪುಸ್ತಕವೇ ಇಲ್ಲ ಚೇಚಿ ಅಂದೆ. ಅವರು ನನ್ನ ಚೀಟಿ ತೆಗೆದುಕೊಂಡು ನೋಡಿದರು. "ಮೋಳೇ, ಇಲ್ಲ ಅಂತ ಹೇಳ್ಬೇಡ. ಅದು ಬೇರೆ ಮನೆಯಲ್ಲಿ ಉಂಟು" ಅಂದರು. ಮೋಳೇ ಅಂದರೆ ಮಗಳೇ. ನಾನು ಸುಮ್ನೆ 780ರ ಕಪಾಟಿನ ಮುಂದೆಯೇ ನಿಂತಿದ್ದೆ, ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಲೆಕ್ಕದಲ್ಲಿ ಸಂಗೀತ ಅಂದರೆ 780 ಅಲ್ವಾ. ಸಂಗೀತ ಕಲಿಸುವುದು ಅಲ್ಲಿಯೇ 780.7ರಲ್ಲಿ ಇರುತ್ತದೆ, ಆದರೆ ಚಿಕ್ಕ ಮಕ್ಕಳಿಗೆ ಶಾಲೆಯಲ್ಲಿ ಕಲಿಸುವುದು ಶಿಕ್ಷಣದ ಸಾಲಿನಲ್ಲಿ, 372.87ರಲ್ಲಿ. ಮಧ್ಯದಲ್ಲಿ ಹತ್ತಾರು ಕಪಾಟು. ಸಂಗೀತಶಾಸ್ತ್ರಜ್ಞ ಪಿ. ಸಾಂಬಮೂರ್ತಿ ಅವರು ಸಂಗೀತ ಕಲಿಸುವ ಬಗ್ಗೆ ಬರೆದ ಪುಸ್ತಕ ನಾನು ಎಲ್ಲೆಲ್ಲೋ ಹುಡುಕಿದ್ದೆ. ಆ ದಿನ ಬಿ.ಎಡ್. ಪುಸ್ತಕಗಳ ನಡುವೆ ಸಿಕ್ಕಿತು. ಇಶ್ಯೂ ಚೀಟಿಯಲ್ಲಿ ಒಂದು ತಾರೀಕೂ ಇರಲಿಲ್ಲ.

ಕಂಪ್ಯೂಟರಿನಲ್ಲಿ ಹುಡುಕುವುದನ್ನೂ ಅವರೇ ಕಲಿಸಿದರು. ನಾನು 'ಮ್ಯೂಸಿಕ್ ಎಜುಕೇಶನ್' ಅಂತ ಹೊಡೆಯುತ್ತಿದ್ದೆ. ದೊಡ್ಡ ಕ್ಯಾಟಲಾಗುಗಳಲ್ಲಿ ಆ ವಿಷಯಕ್ಕೆ ಇಟ್ಟಿರುವ ಹೆಸರು 'ಮ್ಯೂಸಿಕ್, ಇನ್‌ಸ್ಟ್ರಕ್ಷನ್ ಅಂಡ್ ಸ್ಟಡಿ'. ಅದನ್ನು ಹೊಡೆದ ಕೂಡಲೇ ಪುಟಗಟ್ಟಲೆ ಬಂತು. 'ಸಂಗೀತ' ಅನ್ನುವ ಒಂದು ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಐದು ತರ ಬರೆಯುತ್ತಾರೆ, ಐದನ್ನೂ ಹಾಕಿ ನೋಡಬೇಕು. ಹಳೇ ವರದಿಗಳಲ್ಲಿ ಕಾಸರಗೋಡು ಅಂತ ಹುಡುಕಬೇಡ, ಆಗಿನ ಜಿಲ್ಲೆಯ ಹೆಸರು 'ಸೌತ್ ಕೆನರಾ' ಅಂತ ಹುಡುಕು ಅಂದರು. ಇಷ್ಟು ಗೊತ್ತಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿತ್ತು. ಈಗ ಸಂಶೋಧನೆ ಶುರು ಮಾಡುವ ತಂಗಿ ತಮ್ಮಂದಿರು ದಯವಿಟ್ಟು ಈ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಬೇರೆಯವರ ಥೀಸಿಸ್‌ಗಳನ್ನು ಇಟ್ಟಿರುವ ವೆಬ್‌ಸೈಟ್ ಶೋಧಗಂಗಾದಲ್ಲಿ ನೋಡುವಾಗ ಹಿಂದಿನ ಗ್ರಂಥಸೂಚಿಯಿಂದಲೇ ಓದಲು ಶುರು ಮಾಡಿ, ಅದೂ ಚೇಚಿ ಹೇಳಿದ್ದೇ.

ಮೇಲ್ ರೈಲು ಹತ್ತಿ ಚೆನ್ನೈಗೆ ಹೋದದ್ದು ಅದರ ನಂತರ. ಎಗ್ಮೋರಿನ ಆರ್ಕೈವ್ಸಿನಲ್ಲಿ ಮದ್ರಾಸ್ ಶಿಕ್ಷಣ ಇಲಾಖೆಯ ವರ್ಷ ವರ್ಷದ ವರದಿಗಳು, ಹತ್ತಿರದಲ್ಲೇ 1896ರಿಂದ ಇರುವ ಕೊನ್ನೆಮಾರಾ ಲೈಬ್ರರಿ. 1928ರಲ್ಲಿ ಶುರುವಾದ ಮ್ಯೂಸಿಕ್ ಅಕಾಡೆಮಿಯ ಹಳೇ ಜರ್ನಲ್‌ಗಳನ್ನು ಓದಿದ್ದೂ ಆ ದಿನಗಳಲ್ಲೇ. ಹತ್ತು ದಿನದಲ್ಲಿ ಕೈಚೀಲ ತುಂಬ ಜೆರಾಕ್ಸ್ ತಂದೆ. ಪೆನ್ಸಿಲಿನಲ್ಲಿ ಮಾತ್ರ ಬರೆದುಕೋ, ಪೆನ್ನು ಒಳಗೆ ಬಿಡಲಿಕ್ಕಿಲ್ಲ ಅಂತ ಹೇಳಿ ಎರಡು ಪೆನ್ಸಿಲ್ ಕೆತ್ತಿ ಕೊಟ್ಟು ಕಳಿಸಿದ್ದೂ ಚೇಚಿ.

ಇನ್ನು ಆ ರಾತ್ರಿ.

ಥೀಸಿಸ್ ಕೊಡಲು ಮರುದಿನ ನಾಲ್ಕು ಗಂಟೆ ಕೊನೆ. ಗೈಡ್ ಬೆಳಿಗ್ಗೆ ನಾಲ್ಕು ಅಡಿಟಿಪ್ಪಣಿ ತೆಗೆದು ನೋಡಿದರು, ಎರಡರ ಪುಟ ಸಂಖ್ಯೆ ತಪ್ಪಿತ್ತು. ಎಲ್ಲವನ್ನೂ ಮೂಲದ ಜೊತೆ ಇಟ್ಟು ನೋಡಿ ಅಂದರು. ಒಟ್ಟು 214. ಮಧ್ಯಾಹ್ನಕ್ಕೆ ಅಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಮ್ಮ ಮತ್ತು ಅಣ್ಣ ಜೊತೆಗೆ. ನಾನೊಬ್ಬಳೇ ಮನೆಯಲ್ಲಿ. ಜುಲೈ ತಿಂಗಳು, ಬಿಟ್ಟೂ ಬಿಡದ ಮಳೆ. ಏಳೂವರೆಗೆ ಚೇಚಿ ಅಪ್ಪನ ವಿಷಯ ಕೇಳಲು ಫೋನ್ ಮಾಡಿದರು. ನಾನು ಸರಿಯಾಗಿ ಮಾತಾಡಿದೆ ಅಂತಲೇ ಅಂದುಕೊಂಡಿದ್ದೆ. ಹತ್ತು ಗಂಟೆಗೆ ಗೇಟಿನ ಹತ್ತಿರ ಆಟೋ ನಿಂತಿತು. ಒದ್ದೆಯಾದ ಸೀರೆ, ಕೈಯಲ್ಲಿ ಎಮರ್ಜೆನ್ಸಿ ಲೈಟ್, ಒಂದು ಡಬ್ಬಿಯಲ್ಲಿ ಪುಟ್ಟು.

ಕರೆಂಟು ಎಂಟಕ್ಕೇ ಹೋಗಿತ್ತು. ಜೆರಾಕ್ಸಿನ ಕಟ್ಟುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿದೆವು. ಇಂಗ್ಲಿಷಿನದ್ದು ಅವರಿಗೆ ಸುಲಭ. ನನ್ನ ಅರ್ಧದಷ್ಟು ಮೂಲಗಳು ಹಳೇ ಕನ್ನಡ ಪುಸ್ತಕಗಳು, ಅವುಗಳ ಪುಟದ ಮೇಲೆ ಕನ್ನಡ ಅಂಕಿ. ಚೇಚಿ ಒಂದು ಹಳೇ ಕ್ಯಾಟಲಾಗ್ ಕಾರ್ಡ್ ತೆಗೆದು ಕೊಟ್ಟು, ಬರೆದು ಕೊಡು ಅಂದರು. ೧ರಿಂದ ೦ಯವರೆಗೆ ಬರೆದೆ, ಕೆಳಗೆ ಇಂಗ್ಲಿಷ್ ಅಂಕಿ. ಐದು ನಿಮಿಷ ಬೆರಳಿನಲ್ಲಿ ತಿದ್ದಿದರು, ಚಿಕ್ಕ ಮಕ್ಕಳು ಅಕ್ಕಿಯಲ್ಲಿ ತಿದ್ದುತ್ತಾರಲ್ಲ, ಹಾಗೆ. ಆಮೇಲೆ ಕಾರ್ಡನ್ನು ಲೈಟಿಗೆ ಒರಗಿಸಿಟ್ಟು ಒಂದೊಂದೇ ಪುಟ ಹೋಲಿಸಲು ಕೂತರು. ತಪ್ಪು ಎಲ್ಲಿ ಆಗಿದೆ ಅಂತ ಕಂಡು ಹಿಡಿದದ್ದು ಅವರೇ. ಮಾಸಿದ ಜೆರಾಕ್ಸಿನಲ್ಲಿ ನಾನು ೬ ಮತ್ತು ೯ನ್ನು ಅದಲು ಬದಲು ಓದಿದ್ದೆ. ಬಾಲ ಯಾವ ಕಡೆ ತಿರುಗಿದೆ ನೋಡು ಮೋಳೇ, ಅಂತ ಬೆರಳಿಟ್ಟು ತೋರಿಸಿದರು. ಹುಟ್ಟಿದಾಗಿನಿಂದ ನೋಡಿದ ಅಂಕಿ ನನಗೆ ಕಾಣಲಿಲ್ಲ, ಆ ರಾತ್ರಿ ಕಲಿತವರಿಗೆ ಕಂಡಿತು. ಅಂಥವು 11 ಇದ್ದವು.

ಎರಡು ಗಂಟೆ ಹೊತ್ತಿಗೆ ಅಣ್ಣನ ಫೋನ್ ಬಂತು. ಅವನು ಹೇಳಿದ್ದು ಬರೆಯುವುದಿಲ್ಲ. ಫೋನ್ ಇಟ್ಟ ಮೇಲೆ ನಾನು ಎಲ್ಲ ಕಾಗದವನ್ನೂ ಮೇಜಿನಿಂದ ದೂಡಿ ಹಾಕಿದೆ. ಯಾರಿಗೆ ಬೇಕು ಇದು, ಅಪ್ಪನೇ ಇಲ್ಲದಿದ್ದರೆ ಯಾರಿಗೆ ತೋರಿಸಲಿ, ನನಗೆ ಬೇಡ ಅಂದೆ. ಕಿರುಚಿದೆ ಅಂತಲೇ ಹೇಳಬೇಕು. ಚೇಚಿ ಒಂದು ಮಾತೂ ಆಡಲಿಲ್ಲ. ಎಲ್ಲ ಸರಿಯಾಗುತ್ತದೆ ಅಂತಲೂ ಹೇಳಲಿಲ್ಲ. ಎದ್ದು ಹೋಗಿ ಗಂಜಿಗೆ ಇಟ್ಟರು. ಕೆಳಗೆ ಕೂತು ಕಾಗದಗಳನ್ನು ಒಂದೊಂದಾಗಿ ಹೆಕ್ಕಿ ಮತ್ತೆ ಕ್ರಮಕ್ಕೆ ಜೋಡಿಸಿದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಗಂಜಿ ಕುಡಿಸಿದ ಮೇಲೆ ಕನ್ನಡಕ ಹಾಕಿಕೊಂಡು, "ನೂರ ಮೂವತ್ತೆರಡು" ಅಂದರು. ಅಲ್ಲಿಗೇ ನಿಂತಿತ್ತು ನಮ್ಮ ಲೆಕ್ಕ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಅಂದರು, "ನೂರ ಮೂವತ್ತೆರಡು." ನಾನು ಎದ್ದು ಬಂದು ಕೂತೆ.

ನಾಲ್ಕೂ ಮುಕ್ಕಾಲಿಗೆ 214 ಮುಗಿಯಿತು. ಐದೂವರೆಗೆ ಕರೆಂಟು ಬಂತು, ಆರು ಗಂಟೆಗೆ ಅಣ್ಣ ಮತ್ತೆ ಫೋನ್ ಮಾಡಿದ, ಈ ಸಲ ಅಪ್ಪನ ದನಿಯೂ ಕೇಳಿತು. ಚೇಚಿ ಮೊದಲ ಬಸ್ಸಿಗೆ ಹೋದರು. ಥ್ಯಾಂಕ್ಸ್ ಹೇಳಲು ನನಗೆ ನೆನಪೇ ಆಗಲಿಲ್ಲ.

ಮೊನ್ನೆ ಭಾನುವಾರ ಥೀಸಿಸಿನ ಒಂದು ಪ್ರತಿ ಹಿಡಿದುಕೊಂಡು ನೀಲೇಶ್ವರಕ್ಕೆ ಹೋಗಿದ್ದೆ. ಪುಟ ಸಂಖ್ಯೆಯನ್ನೆಲ್ಲ ಕನ್ನಡ ಅಂಕಿಯಲ್ಲೇ ಹಾಕಿಸಿದ್ದೆ. ಚೇಚಿ ಹೆಸರು ಇದ್ದ ಪುಟ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿ, ಕೊನೆಯ ಪುಟ ತಿರುವಿ, ಕನ್ನಡಕ ಹುಡುಕಿ, ನಿಧಾನಕ್ಕೆ ಓದಿದರು. ೩೬೯. "ಮುನ್ನೂರ ಅರವತ್ತೊಂಬತ್ತು." ಆಮೇಲೆ ಮುಖ ನೋಡಿದರು, ಸರಿಯಾ ಅಂತ. ಸರಿ ಚೇಚಿ, ಪೂರ್ತಿ ಸರಿ.

ಉಳಿದವರಿಗೆ ಹೀಗೆ ಒಟ್ಟಿಗೆ ಹೇಳುತ್ತಿದ್ದೇನೆ, ಬೇಜಾರು ಮಾಡಬೇಡಿ: ನನ್ನ ಗೈಡ್ ಸರ್, 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನಿಂದ ಪುಟ ಪುಟವಾಗಿ ಫೋಟೋ ಕಳಿಸಿದ ಗೆಳತಿ, ಟೈಪಿಂಗಿನ ಅಕ್ಕ, ಜೆರಾಕ್ಸ್ ಅಂಗಡಿಯ ಅಣ್ಣ, ತಿಂಗಳುಗಟ್ಟಲೆ ನನ್ನ ಕ್ಲಾಸು ತೆಗೆದುಕೊಂಡ ಟೀಚರುಗಳು, ಅಮ್ಮ, ಅಣ್ಣ, ನಿಮಗೆಲ್ಲ ನಾನು ಋಣಿ.

ನೋಟ್ಸ್ ಪುಸ್ತಕ ಕೊಟ್ಟ ಅಮ್ಮಂದಿರಿಗೆ, ಅಜ್ಜಿಯಂದಿರಿಗೆ ಒಂದು ಮಾತು ಬೇರೆ ಹೇಳಬೇಕು. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಒಂಬತ್ತು ಮನೆಗಳಿಂದ ಸಂಗೀತ ಪಾಠದ ಹಳೇ ಪುಸ್ತಕಗಳು ಸಿಕ್ಕಿದವು. ಟ್ರಂಕಿನ ಅಡಿಯಿಂದ, ದೇವರ ಕೋಣೆಯಿಂದ ತೆಗೆದು ಕೊಟ್ಟಿರಿ. ಒಂದರಲ್ಲಿ 'ಸ' ಮೇಲೆ ಚುಕ್ಕಿ ಇದ್ದ ಹಾಗೆ ಕಂಡಿತು, ಚುಕ್ಕಿ ಇದ್ದರೆ ಮೇಲಿನ ಷಡ್ಜ. ಬೆಳಕಿಗೆ ಹಿಡಿದರೆ ಅದು ಹುಳ ತಿಂದ ತೂತು. ಆ ಅಜ್ಜಿಯ ಹತ್ತಿರವೇ ಹೋಗಿ ಕೇಳಿದೆ. ಅವರು ಪುಸ್ತಕ ನೋಡಲೇ ಇಲ್ಲ, ಕಣ್ಣು ಮುಚ್ಚಿ ಆ ಸಾಲನ್ನು ಹಾಡಿದರು, ಅಲ್ಲಿ ಕೆಳಗಿನ ಸ ಬಂತು. ಯಾವ ಲೈಬ್ರರಿಯಲ್ಲಿ ಹುಡುಕಿದರೂ ಅದು ಸಿಗುತ್ತಿರಲಿಲ್ಲ.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ಪುಸ್ತಕಗಳಿಗೆ ಬಟ್ಟೆ ಸುತ್ತಿ ಹೆಸರು ಬರೆದಾಗಿದೆ. ಬರುವ ಶನಿವಾರದಿಂದ ಒಂದೊಂದೇ ಮನೆಗೆ ನಾನೇ ತಂದು ಕೊಡುತ್ತೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ, ಸ್ವಲ್ಪ ಹೊತ್ತು ಕೂರುತ್ತೇವೆ.